ಆ ಸೋಮವಾರ ರಾತ್ರಿ, ಸೆಲ್ಮಾದ ಒಂದು ಮನೆಯ ಟೀವಿ

ಆಗಸ್ಟ್ 15ಕ್ಕೆ ನಮ್ಮೂರ ಶಾಲೆಯಲ್ಲಿ ಬಾವುಟ ಹಾರಿಸಿದ ಮೇಲೆ ತಪ್ಪದೆ ಹಾಡುತ್ತಿದ್ದ ಹಾಡುಗಳಲ್ಲಿ ‘ಹಮ್ ಹೋಂಗೇ ಕಾಮಯಾಬ್’ ಒಂದು. ಹಿಂದಿ ಅರ್ಥವಾಗುತ್ತಿತ್ತೋ ಇಲ್ಲವೋ, ಲಾಡು ಕೈಗೆ ಬರುವ ತನಕ ಗಂಟಲು ಹರಿಯುವಂತೆ ಹಾಡುತ್ತಿದ್ದೆವು. ಅದು ದೇಶಭಕ್ತಿ ಗೀತೆ ಎಂದೇ ನಾವು ತಿಳಿದಿದ್ದೆವು. ಹಿಂದಿಗೆ ತಂದವರು ಗಿರಿಜಾ ಕುಮಾರ್ ಮಾಥುರ್ ಎಂಬ ಕವಿ, ಮೂಲ ಹಾಡು ಅಮೆರಿಕದ ಕಪ್ಪು ಜನರದ್ದು ಎಂಬುದು ಗೊತ್ತಾಗಿದ್ದು ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ. ‘ವಿ ಶಲ್ ಓವರ್‌ಕಮ್’ ಎಂಬ ಆ ಹಾಡನ್ನು 1945ರಲ್ಲಿ ಚಾರ್ಲ್ಸ್‌ಟನ್ ಎಂಬ ಊರಿನ ತಂಬಾಕು ಕಾರ್ಖಾನೆಯ ಹೆಂಗಸರು ಮುಷ್ಕರ ಕೂತಾಗ ಹಾಡುತ್ತಿದ್ದರು. ನಿಪ್ಪಾಣಿಯ ಕಡೆಯ ಓದುಗರಿಗೆ ತಂಬಾಕಿನ ಕೆಲಸ, ಮುಷ್ಕರ ಎರಡೂ ಏನೆಂದು ಹೇಳಬೇಕಾಗಿಲ್ಲ.

ಇಪ್ಪತ್ತು ವರ್ಷದ ನಂತರ, 1965ರ ಮಾರ್ಚ್ 15ರ ಸೋಮವಾರ ರಾತ್ರಿ, ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅಲ್ಲಿನ ಸಂಸತ್ತಿನ ಎರಡೂ ಸದನಗಳ ಮುಂದೆ ನಿಂತು ಭಾಷಣ ಮಾಡಿದರು. ಟೀವಿಯಲ್ಲಿ ನೇರ ಪ್ರಸಾರ. ಭಾಷಣದ ನಡುವೆ ಒಂದು ಕಡೆ ನಿಂತು, ಆ ಹಾಡಿನ ಹೆಸರನ್ನೇ ತಮ್ಮ ಮಾತಾಗಿ ಹೇಳಿದರು. ಬೀದಿಯಲ್ಲಿ ಲಾಠಿ ಏಟು ತಿನ್ನುವವರ ಹಾಡು ಅಧ್ಯಕ್ಷರ ಬಾಯಲ್ಲಿ ಬಂತು. ಅದನ್ನು ಕೇಳಿ ಒಬ್ಬರು ಅತ್ತರು, ಒಬ್ಬರು ಒಳ್ಳೇ ಹಾಡು ಕೆಟ್ಟಿತು ಅಂದರು, ಇನ್ನೊಬ್ಬರಿಗೆ ಎದೆಗೆ ಕಠಾರಿ ಇಳಿದ ಹಾಗಾಯಿತು. ಮೂವರೂ ಇದ್ದದ್ದು ಅಲಬಾಮ ಎಂಬ ಒಂದೇ ರಾಜ್ಯದಲ್ಲಿ. ಈ ಮೂವರ ಕಥೆ ಹೇಳಬೇಕೆಂದೇ ಈ ಬರಹ.

ಅದಕ್ಕೂ ಮೊದಲು ಆ ಊರಿನ ವಿಷಯ ಹೇಳಬೇಕು.

ಸೆಲ್ಮಾ ದೊಡ್ಡ ಊರೇನಲ್ಲ. ನದಿ ದಂಡೆಯ ಊರು, ಸುತ್ತ ಹತ್ತಿ ಹೊಲ. ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರ ಅಂದುಕೊಳ್ಳಿ. ಅದು ಇರುವುದು ಡಲ್ಲಾಸ್ ಕೌಂಟಿಯಲ್ಲಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ, ಗಾತ್ರದಲ್ಲಿ ಚಿಕ್ಕದು. ಆ ಕೌಂಟಿಯಲ್ಲಿ ಮತ ಹಾಕುವ ವಯಸ್ಸಿನ ಕಪ್ಪು ಜನ 15,000ದಷ್ಟು ಇದ್ದರು. ಮತದಾರರ ಪಟ್ಟಿಯಲ್ಲಿ ಇದ್ದವರು ಮುನ್ನೂರು ಚಿಲ್ಲರೆ. ಪಕ್ಕದ ಲೌಂಡ್ಸ್ ಕೌಂಟಿಯಲ್ಲಿ ನೂರಕ್ಕೆ ಎಂಬತ್ತು ಮಂದಿ ಕಪ್ಪು ಜನ. 1965ರ ಜನವರಿಯಲ್ಲಿ ಅಲ್ಲಿನ ಪಟ್ಟಿಯಲ್ಲಿದ್ದ ಕಪ್ಪು ಮತದಾರರ ಸಂಖ್ಯೆ ಸೊನ್ನೆ.

ಮತ ಹಾಕಬಾರದು ಎಂದು ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ. 1870ರಲ್ಲೇ ಅಮೆರಿಕದ ಸಂವಿಧಾನ ಬಣ್ಣದ ಕಾರಣಕ್ಕೆ ಮತ ತಪ್ಪಿಸುವಂತಿಲ್ಲ ಎಂದಿತ್ತು. ಹಾಗಾದರೆ ತಪ್ಪಿಸುತ್ತಿದ್ದದ್ದು ಹೇಗೆ? ಕಚೇರಿಯ ಮೂಲಕ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲವೇನೋ. ಅಲ್ಲಿ ಪಟ್ಟಿಗೆ ಹೆಸರು ತಾನಾಗಿ ಸೇರುತ್ತಿರಲಿಲ್ಲ, ಹೋಗಿ ಬರೆಸಬೇಕು. ಬರೆಸುವ ಕಚೇರಿ ತೆರೆಯುತ್ತಿದ್ದದ್ದು ತಿಂಗಳ ಮೊದಲ ಸೋಮವಾರ, ಮೂರನೇ ಸೋಮವಾರ. ಅಷ್ಟೇ. ಆ ದಿನವೂ ಸಾಹೇಬರು ತಡವಾಗಿ ಬಂದು ಊಟಕ್ಕೆ ಬೇಗ ಏಳುವರು. ಬೆಳಿಗ್ಗೆಯಿಂದ ಸಾಲಲ್ಲಿ ನಿಂತವರು ಸಂಜೆ ಹಾಗೇ ವಾಪಸ್. ಒಳಗೆ ಹೋದವರಿಗೆ ಉದ್ದದ ಅರ್ಜಿ. ಈಗಾಗಲೇ ಮತದಾರರಾಗಿರುವ ಒಬ್ಬರು ‘ಇವರು ನನಗೆ ಗೊತ್ತು’ ಎಂದು ಸಾಕ್ಷಿ ಹೇಳಬೇಕು. ಆಮೇಲೆ ಓದುವ ಪರೀಕ್ಷೆ, ಸಂವಿಧಾನದ ಮೇಲೆ ಪ್ರಶ್ನೆ. ಪಾಸೋ ಫೇಲೋ ಹೇಳುವವರು ಅದೇ ಸಾಹೇಬರು.

1965ರ ಜನವರಿ 22ರಂದು ಸೆಲ್ಮಾದ 105 ಮಂದಿ ಕಪ್ಪು ಶಿಕ್ಷಕರು ಮೆರವಣಿಗೆಯಲ್ಲಿ ಆ ಕಚೇರಿಗೆ ಹೋದರು. ಮಕ್ಕಳಿಗೆ ಓದು ಬರಹ ಕಲಿಸುವ ಮೇಷ್ಟ್ರುಗಳು, ಮೇಡಮ್ಮುಗಳು. ತಮಗೆ ಓದಲು ಬರುತ್ತದೆ ಎಂದು ತೋರಿಸಲು ಅವರು ಕಚೇರಿ ಬಾಗಿಲಿಗೆ ಹೋಗಬೇಕಾಯಿತು. ಜಿಮ್ ಕ್ಲಾರ್ಕ್ ಎಂಬ ಷರೀಫ್ ಮತ್ತು ಅವನ ಕಡೆಯವರು ಅವರನ್ನು ಮೆಟ್ಟಿಲಿನಿಂದ ಕೆಳಕ್ಕೆ ತಳ್ಳಿದರು. ಷರೀಫ್ ಅಂದರೆ ಚುನಾಯಿತ ಪೊಲೀಸ್ ಅಧಿಕಾರಿ. ಕ್ಲಾರ್ಕ್ ಅಂಗಿಗೆ ಒಂದು ಬಿಲ್ಲೆ ಚುಚ್ಚಿಕೊಂಡು ಓಡಾಡುತ್ತಿದ್ದ. ಅದರ ಮೇಲೆ ಒಂದೇ ಪದ: ‘ನೆವರ್’. ಎಂದಿಗೂ ಇಲ್ಲ.

ಮೂರು ದಿನದ ನಂತರ ಅದೇ ಸಾಲಿನಲ್ಲಿ ಆನಿ ಲೀ ಕೂಪರ್ ಎಂಬ 54 ವರ್ಷದ ಹೆಂಗಸು ನಿಂತಿದ್ದರು. ಹೆಸರು ಬರೆಸಲು ಹೋದ ತಪ್ಪಿಗೆ ಹಿಂದೆಯೇ ಕೆಲಸ ಕಳೆದುಕೊಂಡಿದ್ದವರು. ಕ್ಲಾರ್ಕ್ ಮೈಮೇಲೆ ಕೈ ಮಾಡಿದಾಗ ಆಕೆ ತಿರುಗಿ ಒಂದು ಬಿಟ್ಟರು. ಷರೀಫ್ ನೆಲಕ್ಕೆ ಬಿದ್ದ. ಆಕೆಯನ್ನು ಕೆಡವಿ ಹಿಡಿದು ಲಾಠಿಯಲ್ಲಿ ಬಾರಿಸಿದ ಫೋಟೊ ಪತ್ರಿಕೆಗಳಲ್ಲಿ ಬಂತು.

ಫೆಬ್ರುವರಿ 18ರ ರಾತ್ರಿ ಪಕ್ಕದ ಮೇರಿಯನ್ ಎಂಬ ಊರಲ್ಲಿ ಜಿಮ್ಮಿ ಲೀ ಜಾಕ್ಸನ್ ಎಂಬ 26 ವರ್ಷದ ಹುಡುಗ ಪೊಲೀಸ್ ಗುಂಡು ತಿಂದ. ಲಾಠಿ ಏಟಿನಿಂದ ತಾಯಿಯನ್ನು ಕಾಪಾಡಲು ಹೋಗಿದ್ದ. ಎಂಟು ದಿನಕ್ಕೆ ಸತ್ತ. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವನ ಸಾವಿನ ಸಿಟ್ಟಿನಿಂದಲೇ ಮಾರ್ಚ್ 7ರ ಭಾನುವಾರ ಸುಮಾರು 600 ಮಂದಿ ಸೆಲ್ಮಾದಿಂದ ರಾಜಧಾನಿ ಮಾಂಟ್ಗಮರಿಗೆ 87 ಕಿ.ಮೀ. ನಡೆದು ಹೋಗಲು ಹೊರಟರು. ಮುಂದೆ ಇದ್ದವರಲ್ಲಿ ಜಾನ್ ಲೂಯಿಸ್ ಒಬ್ಬರು. 25 ವರ್ಷ, ಅಲಬಾಮದ್ದೇ ಒಂದು ರೈತ ಕುಟುಂಬದ ಹುಡುಗ. ಚಿಕ್ಕಂದಿನಲ್ಲಿ ಮನೆಯ ಕೋಳಿಗಳನ್ನು ಮುಂದೆ ಕೂರಿಸಿಕೊಂಡು ಪ್ರವಚನ ಮಾಡುತ್ತಿದ್ದವರು. ಎಡ್ಮಂಡ್ ಪೆಟಸ್ ಸೇತುವೆ ದಾಟುತ್ತಿದ್ದಂತೆ ಪೊಲೀಸರು ಅಶ್ರುವಾಯು, ಲಾಠಿ, ಕುದುರೆಗಳೊಂದಿಗೆ ಮೇಲೆ ಬಿದ್ದರು. ಲೂಯಿಸ್ ತಲೆಬುರುಡೆ ಒಡೆಯಿತು. ಆಸ್ಪತ್ರೆಗೆ ಹೋಗುವ ಮುನ್ನ ಅವರು ಚರ್ಚಿನಲ್ಲಿ ನಿಂತು ಕೇಳಿದ್ದು: ವಿಯೆಟ್ನಾಂಗೆ ಸೈನ್ಯ ಕಳಿಸಲು ಆಗುವ ಅಧ್ಯಕ್ಷರಿಗೆ ಸೆಲ್ಮಾಗೆ ಕಳಿಸಲು ಯಾಕೆ ಆಗುವುದಿಲ್ಲ? ಮರುದಿನವೇ, ಮಾರ್ಚ್ 8ರಂದು, ಅಮೆರಿಕದ ನೌಕಾಪಡೆಯ ಯೋಧರು ವಿಯೆಟ್ನಾಂನ ದಾನಾಂಗ್ ತೀರದಲ್ಲಿ ಇಳಿದರು.

ಸೇತುವೆಯ ಏಟುಗಳನ್ನು ಕ್ಯಾಮರಾ ಹಿಡಿದಿತ್ತು. ಫಿಲಂ ಡಬ್ಬಿಯನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಕಳಿಸಿದರು. ಅಂದು ರಾತ್ರಿ ಎಬಿಸಿ ವಾಹಿನಿಯಲ್ಲಿ ‘ಜಡ್ಜ್‌ಮೆಂಟ್ ಅಟ್ ನ್ಯೂರಂಬರ್ಗ್’ ಸಿನಿಮಾ ಓಡುತ್ತಿತ್ತು. ಹಿಟ್ಲರನ ಕಾಲದ ನ್ಯಾಯಾಧೀಶರ ವಿಚಾರಣೆಯ ಕಥೆ. ಅದನ್ನು ನಡುವೆ ನಿಲ್ಲಿಸಿ ಸೆಲ್ಮಾದ ಚಿತ್ರ ಹಾಕಿದರು. ನೋಡುತ್ತಿದ್ದವರು ಸುಮಾರು 4.8 ಕೋಟಿ ಜನ. ಕೆಲವರಿಗೆ ಮೊದಲು ಇದೂ ಸಿನಿಮಾದ್ದೇ ಭಾಗ ಅನ್ನಿಸಿತ್ತಂತೆ. ಮೂಲೆ ಊರಿನ ಸುದ್ದಿ ರಾಜಧಾನಿ ಮುಟ್ಟುವುದು ಎಷ್ಟು ಕಷ್ಟ ಅಂತ ನಮ್ಮಂಥ ಜಿಲ್ಲಾ ಸ್ಟ್ರಿಂಗರ್‌ಗಳಿಗೆ ಚೆನ್ನಾಗಿ ಗೊತ್ತು. ಆವತ್ತು ಅದು ಮುಟ್ಟಿತು.

ಮಾರ್ಚ್ 9ರ ರಾತ್ರಿ ಹೋರಾಟಕ್ಕೆ ಬೆಂಬಲವಾಗಿ ಹೊರಗಿನಿಂದ ಬಂದಿದ್ದ ಜೇಮ್ಸ್ ರೀಬ್ ಎಂಬ ಬಿಳಿಯ ಪಾದ್ರಿಯನ್ನು ಸೆಲ್ಮಾದ ರಸ್ತೆಯಲ್ಲಿ ಕೆಲವು ಬಿಳಿಯರು ಹೊಡೆದರು. ಎರಡು ದಿನಕ್ಕೆ ಅವರೂ ತೀರಿಕೊಂಡರು. ಈಗ ಅಧ್ಯಕ್ಷರು ಮಾತಾಡಲೇಬೇಕಾಯಿತು.

ಜಾನ್ಸನ್ ಟೆಕ್ಸಸ್ಸಿನ ಹಳ್ಳಿಗಾಡಿನವರು, ಅಂದರೆ ದಕ್ಷಿಣದವರೇ. ಸಂಸತ್ತಿಗೆ ಬಂದ ಮೊದಲ ಇಪ್ಪತ್ತು ವರ್ಷ ಕಪ್ಪು ಜನರ ಹಕ್ಕಿನ ಒಂದು ಮಸೂದೆಗೂ ಕೈ ಎತ್ತಿದವರಲ್ಲ. 1957ರಿಂದ ಈಚೆಗೆ ಬದಲಾದರು. ಹೀಗಾಗಿ ಅವರನ್ನು ಎರಡೂ ಕಡೆಯವರು ಪೂರ್ತಿ ನಂಬುತ್ತಿರಲಿಲ್ಲ. ಭಾಷಣ ಬರೆದದ್ದು ರಿಚರ್ಡ್ ಗುಡ್‌ವಿನ್ ಎಂಬ 33 ವರ್ಷದವರು, ಅದೇ ದಿನ ಬೆಳಿಗ್ಗೆ ಕೂತು ಸಂಜೆಯೊಳಗೆ. ಹಾಳೆ ಹಾಳೆಯಾಗಿ ಒಳಗೆ ಹೋಗುತ್ತಿತ್ತು. ಸಂಜೆ ಆರರೊಳಗೆ ಸುದ್ದಿ ಕಳಿಸಲು ಒದ್ದಾಡುವ ನಮಗೆ ಇದನ್ನು ಓದಿದಾಗ ಸ್ವಲ್ಪ ಸಮಾಧಾನವಾಯಿತು.

ವಾಷಿಂಗ್ಟನ್ನಿನಲ್ಲಿ ರಾತ್ರಿ ಒಂಬತ್ತು. ಸೆಲ್ಮಾದ ಗಡಿಯಾರದಲ್ಲಿ ಎಂಟು. ನಮ್ಮ ಲೆಕ್ಕದಲ್ಲಿ ಮಂಗಳವಾರ ಬೆಳಿಗ್ಗೆ ಏಳೂವರೆ, ಆಗ ನಮ್ಮ ದೇಶದಲ್ಲಿ ಟೀವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಸೆಲ್ಮಾದಲ್ಲಿ ಸಲಿವನ್ ಜಾಕ್ಸನ್ ಎಂಬ ಕಪ್ಪು ದಂತವೈದ್ಯರ ಮನೆ. ಮಾರ್ಟಿನ್ ಲೂಥರ್ ಕಿಂಗ್ ಸೆಲ್ಮಾಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಮನೆ ಅದು. ವೈದ್ಯರ ಹೆಂಡತಿ ರಿಚಿ ಜೀನ್ ಬಂದವರಿಗೆಲ್ಲ ಅಡುಗೆ ಮಾಡಿ ಹಾಕಿ, ಮಂಚ ಸಾಲದಿದ್ದರೆ ನೆಲದ ಮೇಲೆ ಜಾಗ ಮಾಡಿಕೊಡುತ್ತಿದ್ದರು. ಹೋರಾಟದ ಇತಿಹಾಸದಲ್ಲಿ ಇಂಥ ಅಡುಗೆಮನೆಗಳ ಹೆಸರು ಹಿಂದೆಯೇ ಉಳಿಯುತ್ತದೆ. ಆ ದಿನ ಹಗಲು ಕಿಂಗ್ ರೀಬ್ ಅವರ ಸ್ಮರಣೆಯ ಪ್ರಾರ್ಥನೆಯಲ್ಲಿ ಮಾತಾಡಿದ್ದರು. ರಾತ್ರಿ ಆ ಮನೆಯ ಕುರ್ಚಿಯಲ್ಲಿ ಕೂತು ಟೀವಿ ನೋಡುತ್ತಿದ್ದರು. ಲೂಯಿಸ್ ಇದ್ದರು, ಸಿ.ಟಿ. ವಿವಿಯನ್ ಎಂಬ ಪಾದ್ರಿ ಇದ್ದರು, ಇನ್ನೂ ಹಲವರು ಇದ್ದರು. ಊರಿಗೆ ಒಂದೇ ಟೀವಿ ಇದ್ದ ಕಾಲದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣಕ್ಕೆ ಗೌಡರ ಮನೆ ಜಗಲಿ ತುಂಬುತ್ತಿದ್ದದ್ದನ್ನು ನಮ್ಮ ಹಿರಿಯರು ಹೇಳುತ್ತಾರಲ್ಲ, ಆ ಕೋಣೆಯನ್ನು ಹಾಗೆ ಊಹಿಸಿಕೊಳ್ಳಬಹುದು.

ಭಾಷಣ ಮುಕ್ಕಾಲು ಗಂಟೆ ನಡೆಯಿತು. ನಮಗೆ ಅದರಲ್ಲಿ ಹೆಚ್ಚು ನಾಟಿದ್ದು ಹಾಡಿನ ಮಾತಲ್ಲ, ಅದಕ್ಕೂ ಮೊದಲಿನ ಒಂದು ಭಾಗ. ಕಪ್ಪು ಮನುಷ್ಯನೊಬ್ಬ ಹೆಸರು ಬರೆಸಲು ಹೋದರೆ ಏನಾಗುತ್ತದೆ ಎಂದು ಅಧ್ಯಕ್ಷರು ಒಂದೊಂದಾಗಿ ಹೇಳುತ್ತಾರೆ. ಇವತ್ತು ದಿನ ಸರಿಯಿಲ್ಲ ಅನ್ನುತ್ತಾರೆ. ಹೊತ್ತಾಯಿತು ಅನ್ನುತ್ತಾರೆ. ಸಾಹೇಬರು ಇಲ್ಲ ಅನ್ನುತ್ತಾರೆ. ಅವನು ಬಿಡದೆ ಒಳಗೆ ಹೋದರೆ ಪೂರ್ತಿ ಹೆಸರು ಬರೆದಿಲ್ಲ, ಒಂದು ಪದವನ್ನು ಚುಟುಕಾಗಿ ಬರೆದಿದ್ದೀಯ ಎಂದು ಅರ್ಜಿ ತಳ್ಳಿಹಾಕುತ್ತಾರೆ. ಅದನ್ನೂ ದಾಟಿದರೆ ಇಡೀ ಸಂವಿಧಾನ ಒಪ್ಪಿಸು ಅನ್ನುತ್ತಾರೆ. ಕಾಲೇಜು ಪದವಿ ಇದ್ದರೂ ಸಾಲದು. ಈ ಗೋಡೆ ದಾಟಲು ಇರುವ ದಾರಿ ಒಂದೇ, ಬಿಳಿ ಚರ್ಮ.

ಕಚೇರಿಯೊಂದರ ಬಾಗಿಲಲ್ಲಿ ಬಡವನಿಗೆ ಏನು ಹೇಳುತ್ತಾರೆ ಎಂಬುದನ್ನು ಒಂದು ದೇಶದ ಅಧ್ಯಕ್ಷರು ಅದೇ ಮಾತುಗಳಲ್ಲಿ ಹೇಳಿದ್ದು ನಮಗೆ ದೊಡ್ಡದು ಅನ್ನಿಸಿತು. ಹೋದ ಚುನಾವಣೆಯಲ್ಲಿ ನಾವು ಮತಗಟ್ಟೆಗಳ ಸುದ್ದಿಗೆ ಓಡಾಡುವಾಗ ಒಬ್ಬ ಮುದುಕಿ ಗುರುತಿನ ಚೀಟಿ ಹಿಡಿದು ಬಂದಿದ್ದಳು. ಪಟ್ಟಿಯಲ್ಲಿ ಹೆಸರಿಲ್ಲ. ಅವಳನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಪಕ್ಕದ ಊರಿನ ಶಾಲೆಗೆ ಕಳಿಸಿದರು. ಮೂರು ಗಂಟೆಯ ಹೊತ್ತಿಗೆ ಬೇವಿನ ಮರದ ಕೆಳಗೆ ಕೂತು ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ನಾವು ಆ ಸುದ್ದಿ ಬರೆದು ಕಳಿಸಿದೆವು, ಅಚ್ಚಾಗಲಿಲ್ಲ. ಎರಡೂ ಒಂದೇ ಅನ್ನುತ್ತಿಲ್ಲ, ಸೆಲ್ಮಾದಲ್ಲಿ ನಡೆದದ್ದು ಬೇಕೆಂದೇ ಮಾಡಿದ ಕೆಲಸ. ಆದರೆ ಬಾಗಿಲಲ್ಲಿ ಕೇಳುವ ಮಾತು ಒಂದೇ ಥರ ಇರುತ್ತದೆ.

ಇಲ್ಲಿ ನಮ್ಮ ದೇಶದ್ದೊಂದು ಮಾತು. 1951-52ರ ಮೊದಲ ಮಹಾಚುನಾವಣೆಯಲ್ಲಿ ನಾವು ಓದುವ ಪರೀಕ್ಷೆ ಇಡಲಿಲ್ಲ. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನಕ್ಕೆ ಓದು ಬಾರದ ದೇಶದಲ್ಲಿ ಎಲ್ಲ ವಯಸ್ಕರಿಗೂ ಮತ ಕೊಟ್ಟು, ಓದು ಬಾರದವರಿಗೆ ಚಿಹ್ನೆ ಕೊಟ್ಟೆವು. ಜೋಡೆತ್ತಿನ ಗುರುತು ನಮ್ಮ ಅಜ್ಜಂದಿರಿಗೆ ಇವತ್ತಿಗೂ ನೆನಪಿದೆ. ಆದರೆ ಆಗಲೂ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಕಾರಣ, ಅವರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಚುನಾವಣಾ ಆಯೋಗ ಅದನ್ನು ಒಪ್ಪಲಿಲ್ಲ. ಇದನ್ನು ನಾವು ಮುಂದೆ ಲೌಂಡ್ಸ್ ಕೌಂಟಿಗೆ ಹೋದಾಗ ಮತ್ತೆ ನೆನೆಸಿಕೊಳ್ಳೋಣ.

ಮತ್ತೆ ಭಾಷಣಕ್ಕೆ. ಇದು ಕಪ್ಪು ಜನರ ಸಮಸ್ಯೆಯಲ್ಲ, ಇಡೀ ಅಮೆರಿಕದ ಸಮಸ್ಯೆ ಎಂದರು ಜಾನ್ಸನ್. ದ್ವೇಷದ ಪರಂಪರೆಯನ್ನು ಎಲ್ಲರೂ ಸೇರಿ ಗೆಲ್ಲಬೇಕು ಎಂದು ಹೇಳಿ, ಒಂದು ಕ್ಷಣ ತಡೆದು, ಹಾಡಿನ ಆ ಮಾತು ಹೇಳಿದರು. ಸಭೆ ಎದ್ದು ನಿಂತಿತು. ದಕ್ಷಿಣದ ಕೆಲವು ಸದಸ್ಯರು ಕೈ ಕಟ್ಟಿಕೊಂಡು ಕೂತೇ ಇದ್ದರು.

ಜಾಕ್ಸನ್ ಅವರ ಮನೆಯಲ್ಲಿ ವಿವಿಯನ್ ಕಿಂಗ್ ಕಡೆ ತಿರುಗಿ ನೋಡಿದರು. ಕಿಂಗ್ ಮಾತಾಡಲಿಲ್ಲ. ಸುಮ್ಮನೆ ಕೂತಿದ್ದರು, ಕೆನ್ನೆ ಮೇಲೆ ಒಂದು ಹನಿ ಇಳಿಯುತ್ತಿತ್ತು. ಇದನ್ನು ವಿವಿಯನ್ ಆಮೇಲೆ ಹೇಳಿದ್ದಾರೆ, ಲೂಯಿಸ್ ಕೂಡ. ಕಿಂಗ್ ಅಳುವುದನ್ನು ಅವರು ನೋಡಿದವರಲ್ಲ. ಜೈಲು, ಮನೆ ಮೇಲೆ ಬಾಂಬು, ಚಾಕು ಇರಿತ, ಯಾವುದಕ್ಕೂ ಎಲ್ಲರ ಎದುರು ಅಳದ ಮನುಷ್ಯ ಒಂದು ಟೀವಿ ಭಾಷಣಕ್ಕೆ ಅತ್ತರು. ಒಂದೂವರೆ ತಿಂಗಳ ಹಿಂದೆ ಅವರು ಸೆಲ್ಮಾದ ಜೈಲಿನಿಂದ ಬರೆದಿದ್ದರು: ಇಲ್ಲಿನ ಮತದಾರರ ಪಟ್ಟಿಯಲ್ಲಿ ಇರುವುದಕ್ಕಿಂತ ಹೆಚ್ಚು ಕಪ್ಪು ಜನ ನನ್ನ ಜೊತೆ ಜೈಲಿನಲ್ಲಿ ಇದ್ದಾರೆ ಎಂದು.

ಅದೇ ಹೊತ್ತಿಗೆ ಜೇಮ್ಸ್ ಫೋರ್ಮನ್ ಮಾಂಟ್ಗಮರಿಯಲ್ಲಿ ವಿದ್ಯಾರ್ಥಿಗಳ ಹೋರಾಟದಲ್ಲಿ ಇದ್ದರು. ಲೂಯಿಸ್ ಅಧ್ಯಕ್ಷರಾಗಿದ್ದ ವಿದ್ಯಾರ್ಥಿ ಸಂಘಟನೆಗೆ ಫೋರ್ಮನ್ ಕಾರ್ಯದರ್ಶಿ. ಒಂದೇ ಸಂಘ, ಒಂದೇ ಭಾಷಣ. ಲೂಯಿಸ್‌ಗೆ ಅದು ತಾವು ಕೇಳಿದ ಭಾಷಣಗಳಲ್ಲೇ ಎದೆಗೆ ತಟ್ಟಿದ್ದು. ಫೋರ್ಮನ್‌ಗೆ ಪೊಳ್ಳು ಮಾತು. ಈ ಮನುಷ್ಯ ಒಂದು ಒಳ್ಳೇ ಹಾಡನ್ನು ಹಾಳು ಮಾಡಿದ ಎಂದುಬಿಟ್ಟರು.

ನಾವು ಮೊದಲು ಇದನ್ನು ಓದಿದಾಗ ಫೋರ್ಮನ್ ಮೇಲೆ ಸಿಟ್ಟು ಬಂದಿತ್ತು. ಇಷ್ಟು ಹೇಳಿದರೂ ಸಾಲದೇ ಇವರಿಗೆ ಅನ್ನಿಸಿತ್ತು. ಆಮೇಲೆ ಭಾಷಣವನ್ನು ಪೂರ್ತಿ ಓದಿದೆವು. ಸೆಲ್ಮಾದಲ್ಲಿ ಒಬ್ಬ ಒಳ್ಳೆಯ ಮನುಷ್ಯ, ದೇವರ ಸೇವಕ ಕೊಲೆಯಾದ ಎಂಬ ಮಾತು ಅದರಲ್ಲಿದೆ. ಅದು ಬಿಳಿಯ ಪಾದ್ರಿ ರೀಬ್. ಒಬ್ಬ ಎಂದಷ್ಟೇ ಇದೆ. ಜಿಮ್ಮಿ ಲೀ ಜಾಕ್ಸನ್ ಎಲ್ಲಿ? ಅವನೂ ಅದೇ ಹೋರಾಟದಲ್ಲಿ, ಎರಡು ವಾರ ಮೊದಲೇ, ಅದೂ ಸರ್ಕಾರದ ಗುಂಡಿಗೆ ಸತ್ತವನು. ಇಡೀ ಭಾಷಣದಲ್ಲಿ ಅವನಿಲ್ಲ. ಮರುದಿನ, ಮಾರ್ಚ್ 16ರಂದು, ಮಾಂಟ್ಗಮರಿಯ ಬೀದಿಯಲ್ಲಿ ಕುದುರೆ ಮೇಲಿನ ಪೊಲೀಸರು ಫೋರ್ಮನ್ ಜೊತೆಗಿದ್ದ ವಿದ್ಯಾರ್ಥಿಗಳನ್ನು ಮತ್ತೆ ಅಟ್ಟಿಸಿಕೊಂಡು ಹೊಡೆದರು. ಹಾಡಿನ ಮಾತು ಹೇಳಿ ಇನ್ನೂ ಒಂದು ದಿನ ಆಗಿರಲಿಲ್ಲ.

ಹಾಗಂತ ಕಿಂಗ್ ಕಣ್ಣೀರು ಸುಳ್ಳಾಗುವುದಿಲ್ಲ. ಕಿಂಗ್ ಕೇಳಿದ್ದು ಬಾಗಿಲು ತೆರೆಯುವ ಸದ್ದನ್ನು. ಬಾಗಿಲು ತೆರೆಯುವವನು ಯಾರನ್ನು ಎಣಿಸಿದ, ಯಾರನ್ನು ಬಿಟ್ಟ ಎಂಬುದನ್ನು ಫೋರ್ಮನ್ ನೋಡಿದರು. ಜೈಲು, ಏಟು ಇಬ್ಬರಿಗೂ ಗೊತ್ತಿದ್ದದ್ದೇ. ಬಹುಶಃ ಒಂದು ಹೋರಾಟಕ್ಕೆ ಇಬ್ಬರೂ ಬೇಕು. ಇದು ನಮ್ಮ ಅನಿಸಿಕೆ, ನಮ್ಮ ಬಳಗದಲ್ಲೇ ಇದನ್ನು ಒಪ್ಪದವರಿದ್ದಾರೆ.

ಮೂರನೆಯವರು ಸೆಲ್ಮಾದ ಮೇಯರ್ ಜೋಸೆಫ್ ಸ್ಮಿದರ್ಮನ್. 35 ವರ್ಷ, ಬಿಳಿಯ, ಮನೆಬಳಕೆಯ ಯಂತ್ರಗಳ ವ್ಯಾಪಾರಿಯಾಗಿದ್ದವರು, ಹಿಂದಿನ ವರ್ಷವಷ್ಟೇ ಮೇಯರ್ ಆಗಿದ್ದರು. ಊರಿಗೆ ಕಾರ್ಖಾನೆ ತರಬೇಕು, ಊರಿನ ಹೆಸರು ಕೆಡಬಾರದು ಎಂಬ ಆಸೆ ಒಂದು ಕಡೆ, ಕಪ್ಪು ಜನ ಮತ ಹಾಕುವುದು ಬೇಡ ಎಂಬುದು ಇನ್ನೊಂದು ಕಡೆ. ಅಧ್ಯಕ್ಷರು ಆ ಮಾತು ಹೇಳಿದಾಗ ಎದೆಗೆ ಕಠಾರಿ ಚುಚ್ಚಿದ ಹಾಗಾಯಿತು ಎಂದು ಎಷ್ಟೋ ವರ್ಷದ ನಂತರ ಕ್ಯಾಮರಾ ಮುಂದೆ ಅವರೇ ಹೇಳಿದ್ದಾರೆ. ಈ ಮನುಷ್ಯ ಏನು ಮಾಡುತ್ತಿದ್ದಾನೆ ಎಂದು ದಿಗಿಲಾಯಿತಂತೆ. ಅವರ ಈ ಮಾತು ನಮಗೆ ಬಹಳ ಬೆಲೆಯದ್ದು. ಜಾನ್ಸನ್ ಅವರ ಥರದವರು, ದಕ್ಷಿಣದ ಉಚ್ಚಾರಣೆಯಲ್ಲೇ ಮಾತಾಡುವವರು. ನಮ್ಮವನೇ ಆ ಕಡೆಯವರ ಹಾಡು ಹೇಳಿದ ಎಂಬ ನೋವು ಅದು. ಉತ್ತರದವನೊಬ್ಬ ಹೇಳಿದ್ದರೆ ಬೈದು ಟೀವಿ ಆರಿಸುತ್ತಿದ್ದರೇನೋ.

ಭಾಷಣದ ಕೊನೆಯ ಕಡೆ ಜಾನ್ಸನ್ ತಮ್ಮ ಮೇಷ್ಟ್ರು ಕೆಲಸದ ದಿನಗಳನ್ನು ನೆನೆದರು. 1928ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅವರು ಕೊಟುಲ್ಲಾ ಎಂಬ ಊರಿನ ಶಾಲೆಯಲ್ಲಿ ಮೆಕ್ಸಿಕೋ ಮೂಲದ ಬಡ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮಕ್ಕಳು ಬೆಳಿಗ್ಗೆ ಉಣ್ಣದೆ ಬರುತ್ತಿದ್ದರು. ಜನ ತಮ್ಮನ್ನು ಕಂಡರಾಗದು ಎಂಬುದು ಅವಕ್ಕೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಆ ಮಕ್ಕಳಿಗೆ ಏನಾದರೂ ಮಾಡುವ ಅವಕಾಶ ಈಗ ನನ್ನ ಕೈಯಲ್ಲಿದೆ, ಅದನ್ನು ಬಳಸುತ್ತೇನೆ ಎಂದರು.

ಬಳಸಿದರು ಕೂಡ. ಮಾರ್ಚ್ 21ರಂದು ಸೈನಿಕರ ಕಾವಲಿನಲ್ಲಿ ನಡಿಗೆ ಹೊರಟು 25ರಂದು ಮಾಂಟ್ಗಮರಿ ಮುಟ್ಟಿತು. ಅದೇ ರಾತ್ರಿ ನಡೆದು ದಣಿದವರನ್ನು ಕಾರಿನಲ್ಲಿ ಊರಿಗೆ ಬಿಡುತ್ತಿದ್ದ ವಯೋಲಾ ಲಿಯುಝೊ ಎಂಬ ಐದು ಮಕ್ಕಳ ತಾಯಿಯನ್ನು ಲೌಂಡ್ಸ್ ಕೌಂಟಿಯ ಹೆದ್ದಾರಿಯಲ್ಲಿ ಗುಂಡಿಟ್ಟು ಕೊಂದರು. ಆಗಸ್ಟ್ 6ರಂದು ಮತದಾನ ಹಕ್ಕಿನ ಕಾಯಿದೆಗೆ ಜಾನ್ಸನ್ ಸಹಿ ಬಿತ್ತು. ಓದುವ ಪರೀಕ್ಷೆ ಅಲ್ಲಿಗೆ ನಿಂತಿತು. ಕೆಲವೇ ದಿನದಲ್ಲಿ ದೆಹಲಿಯಿಂದ ಬಂದ ಹಾಗೆ ವಾಷಿಂಗ್ಟನ್ನಿನ ಅಧಿಕಾರಿಗಳು ಸೆಲ್ಮಾಗೆ ಬಂದು ಹೆಸರು ಬರೆಯಲು ಕೂತರು. ಮೂರನೇ ಸೋಮವಾರಕ್ಕೆ ಕಾಯಬೇಕಾಗಲಿಲ್ಲ.

1966ರ ಮೇ ತಿಂಗಳಲ್ಲಿ ಪಕ್ಷದ ಒಳಚುನಾವಣೆ. ‘ನೆವರ್’ ಬಿಲ್ಲೆಯ ಕ್ಲಾರ್ಕ್ ಮತ್ತೆ ಷರೀಫ್ ಆಗಲು ನಿಂತಿದ್ದ, ಎದುರಿಗೆ ವಿಲ್ಸನ್ ಬೇಕರ್. ಮತ ಎಣಿಸುವಾಗ ಕಪ್ಪು ಜನರ ಕೇರಿಗಳ ಆರು ಪೆಟ್ಟಿಗೆಗಳು ಸರಿಯಿಲ್ಲವೆಂದು ಪಕ್ಷದ ಸಮಿತಿ ಪಕ್ಕಕ್ಕಿಟ್ಟಿತು. ಕೋರ್ಟು ಎಣಿಸಿ ಎಂದಿತು. ಎಣಿಸಿದರು, ಕ್ಲಾರ್ಕ್ ಸೋತ. ಆನಿ ಲೀ ಕೂಪರ್ 2010ರವರೆಗೆ, ನೂರು ವರ್ಷ ಬದುಕಿದ್ದರು.

ಈಗ ಲೌಂಡ್ಸ್ ಕೌಂಟಿ. ಆ ಭಾಷಣದ ತಿಂಗಳಲ್ಲೇ ಅಲ್ಲಿನ ಪಟ್ಟಿ ಸೊನ್ನೆಯಿಂದ ಎರಡಕ್ಕೆ ಬಂತು. ಒಬ್ಬರು ಜಾನ್ ಹ್ಯೂಲೆಟ್, ಇನ್ನೊಬ್ಬರು ಕಣ್ಣು ಕಾಣದ ಒಬ್ಬ ಪಾದ್ರಿ. ಕಾಯಿದೆ ಬಂದ ಮೇಲೆ ಜನ ಧೈರ್ಯ ಮಾಡಿ ಹೆಸರು ಬರೆಸಿದರು. ಜಮೀನ್ದಾರರು ಸುಮ್ಮನಿರಲಿಲ್ಲ. ಅಲ್ಲಿ ಬಹಳ ಮಂದಿ ಪಾಲಿಗೆ ಹೊಲ ಮಾಡುತ್ತಿದ್ದವರು, ಇರುವ ಗುಡಿಸಲೂ ಒಡೆಯನದ್ದೇ. ಹೆಸರು ಬರೆಸಿದವರನ್ನು ಸಾಮಾನು ಸಮೇತ ಹೊರಗೆ ಹಾಕಿದರು. 1965ರ ಡಿಸೆಂಬರ್ ಚಳಿಯಲ್ಲಿ ಹೆದ್ದಾರಿ ಪಕ್ಕ ಡೇರೆ ಹಾಕಿಕೊಂಡು ಆ ಸಂಸಾರಗಳು ಕೂತವು. ವಾಷಿಂಗ್ಟನ್ನಿನ ಕಾಯಿದೆ ಅವರಿಗೆ ಮತ ಕೊಟ್ಟಿತ್ತು, ಮಲಗಲು ಸೂರು ಕೊಟ್ಟಿರಲಿಲ್ಲ. ಮತ ಹಾಕಿದ ಕೇರಿಗೆ ಮರುದಿನ ಕೂಲಿಗೆ ಕರೆಯದಿರುವುದು, ಕೊಟ್ಟ ಸಾಲ ವಾಪಸ್ ಕೇಳುವುದು ನಮ್ಮ ಪಂಚಾಯಿತಿ ಚುನಾವಣೆಗಳಲ್ಲೂ ಕಂಡಿದ್ದೇವೆ.

ಅವರು ಸ್ವಂತ ಪಕ್ಷ ಕಟ್ಟಿದರು. ಅಲ್ಲಿ ಓದು ಬಾರದವರು ಬಹಳ, ಹಾಗಾಗಿ ಅಲಬಾಮದ ಮತಪತ್ರದಲ್ಲೂ ಪಕ್ಷಗಳಿಗೆ ಚಿಹ್ನೆ ಇರುತ್ತಿತ್ತು. ನಮ್ಮ ಹಾಗೆಯೇ. ಬಿಳಿಯರ ಪಕ್ಷದ್ದು ಬಿಳಿ ಹುಂಜ. ಲೌಂಡ್ಸ್ ಕೌಂಟಿಯವರು ಆರಿಸಿಕೊಂಡದ್ದು ಕರಿ ಚಿರತೆ. ಮುಂದೆ ಕ್ಯಾಲಿಫೋರ್ನಿಯಾದ ಹುಡುಗರು ಅದೇ ಚಿರತೆಯ ಹೆಸರಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. ಅದರಿಂದ ಸ್ಫೂರ್ತಿ ಪಡೆದು 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಅಲಬಾಮದ ಹತ್ತಿ ಹೊಲದ ಜನ ಓದು ಬಾರದವರಿಗಾಗಿ ಆರಿಸಿದ ಗುರುತು ಅಷ್ಟು ದೂರ ನಡೆದು ಬಂತು.

1966ರ ನವೆಂಬರಿನಲ್ಲಿ ಚಿರತೆ ಗುರುತಿನ ಏಳೂ ಅಭ್ಯರ್ಥಿಗಳು ಸೋತರು. 1970ರಲ್ಲಿ ಜಾನ್ ಹ್ಯೂಲೆಟ್ ಷರೀಫ್ ಆಗಿ ಗೆದ್ದರು.

ಕಾಯಿದೆಯ ಒಂದು ಮುಖ್ಯ ಭಾಗವನ್ನು 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೆಗೆದುಹಾಕಿತು. ಆ ಮೊಕದ್ದಮೆ ಹೂಡಿದ್ದೂ ಅಲಬಾಮದ್ದೇ ಒಂದು ಕೌಂಟಿ. ಆಗ ಸಂಸತ್ ಸದಸ್ಯರಾಗಿದ್ದ ಲೂಯಿಸ್ ಆ ತೀರ್ಪನ್ನು ಕಟುವಾಗಿ ಟೀಕಿಸಿದರು. ಅವರು 2020ರಲ್ಲಿ ತೀರಿಕೊಂಡರು. ಜಾಕ್ಸನ್ ಅವರ ಮನೆಯನ್ನು ಇತ್ತೀಚೆಗೆ ಬಿಚ್ಚಿ ಮಿಷಿಗನ್ ರಾಜ್ಯದ ಒಂದು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ್ದಾರೆ, ಕಿಂಗ್ ಕೂತಿದ್ದ ಕುರ್ಚಿಯೂ ಜೊತೆಗೆ ಹೋಗಿದೆ.

ಎದೆಗೆ ಕಠಾರಿ ಬಿದ್ದಿದ್ದ ಮೇಯರ್ ಸ್ಮಿದರ್ಮನ್ ಏನಾದರು ಎಂದು ಕೇಳುತ್ತೀರಿ. ಕಪ್ಪು ಜನರ ಮತ ಬಂದ ಮೇಲೆ ಅವರು ಮನೆಗೆ ಹೋಗಲಿಲ್ಲ. ಕಪ್ಪು ಜನರ ಕೇರಿಗಳಲ್ಲಿ ರಸ್ತೆಗೆ ಡಾಂಬರು ಹಾಕಿಸಿದರು, ಅವರ ಮತ ಕೇಳಿದರು, ಪಡೆದರು. ನಡುವೆ ಸ್ವಲ್ಪ ದಿನ ಬಿಟ್ಟರೆ 2000ನೇ ಇಸವಿಯವರೆಗೂ ಅವರೇ ಮೇಯರ್. ಆ ವರ್ಷ ಜೇಮ್ಸ್ ಪರ್ಕಿನ್ಸ್ ಎಂಬ ಕಪ್ಪು ಅಭ್ಯರ್ಥಿ ಅವರನ್ನು ಸೋಲಿಸಿದರು. ಅಷ್ಟು ಹೊತ್ತಿಗೆ ಸೆಲ್ಮಾದ ಮತದಾರರಲ್ಲಿ ಹೆಚ್ಚಿನವರು ಕಪ್ಪು ಜನ.